ಸಂಪಾದಕರ ಉತ್ತರ: ಪದವಿ ಒಂದೇ, ಊರು ಬೇರೆ

ಮಾನ್ಯರೇ,

ತಮ್ಮ ಮಗಳಿಗೆ ಸಿಇಟಿ ಮೂಲಕ ಕಲಬುರಗಿಯ ಒಂದು ಕಾಲೇಜಿನಲ್ಲೂ ಬೆಂಗಳೂರಿನ ಹೊರವಲಯದ ಒಂದು ಕಾಲೇಜಿನಲ್ಲೂ ಕಂಪ್ಯೂಟರ್ ಸೈನ್ಸ್ ಸೀಟು ಸಿಗುವಂತಿದೆ ಎಂದು ಸಿಂಧನೂರಿನಿಂದ ಬರೆದಿದ್ದೀರಿ. ಎರಡೂ ಕಡೆ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪಠ್ಯಕ್ರಮವೇ ಇರುವಾಗ ಊರು ಬದಲಾದ ಮಾತ್ರಕ್ಕೆ ಕೆಲಸ ಸಿಗುವುದರಲ್ಲಿ ವ್ಯತ್ಯಾಸವೇಕೆ ಎಂಬುದು ತಮ್ಮ ಪ್ರಶ್ನೆ.

ವ್ಯತ್ಯಾಸವಿರುವುದು ನಿಜ, ಅದರ ಬೇರು ಹಳೆಯದು. ಬೆಂಗಳೂರಿನಲ್ಲಿ 1940ರಲ್ಲಿ ವಿಮಾನ ತಯಾರಿಕೆಯ ಎಚ್‌ಎಎಲ್, 1948ರಲ್ಲಿ ದೂರವಾಣಿ ಉಪಕರಣಗಳ ಕಾರ್ಖಾನೆ ಐಟಿಐ, 1954ರಲ್ಲಿ ಎಲೆಕ್ಟ್ರಾನಿಕ್ಸ್ ಉಪಕರಣಗಳ ಬಿಇಎಲ್ ಆರಂಭವಾದವು. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬರುವ ಹೊತ್ತಿಗೆ ನುರಿತ ಎಂಜಿನಿಯರುಗಳ ಒಂದು ತಲೆಮಾರೇ ಈ ನಗರದಲ್ಲಿ ನೆಲೆಯೂರಿತ್ತು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಅದರಡಿ ಬಂದ ಮೇಲೆ ಪಠ್ಯವೇನೋ ಒಂದಾಯಿತು, ಆದರೆ ಉದ್ಯೋಗಗಳು ಇದ್ದಲ್ಲೇ ಉಳಿದವು.

ಹಾಗೆಂದು ದೂರವೇ ಎಲ್ಲವನ್ನೂ ನಿರ್ಧರಿಸುವುದಾಗಿದ್ದರೆ 1960ರಲ್ಲಿ ಕೆಆರ್‌ಇಸಿ ಎಂದು ಆರಂಭವಾದ, ಕರಾವಳಿಯ ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಎನ್‌ಐಟಿಕೆಗೆ ಕಂಪನಿಗಳು ಹೋಗಬಾರದಿತ್ತು. ಅವು ಪ್ರತಿ ವರ್ಷ ಹೋಗುತ್ತವೆ, ಏಕೆಂದರೆ ಒಂದೇ ಭೇಟಿಯಲ್ಲಿ ತಮಗೆ ಬೇಕಾದಷ್ಟು ಮಂದಿ ಅಲ್ಲಿ ಸಿಗುತ್ತಾರೆಂಬ ಭರವಸೆ ಅವುಗಳಿಗಿದೆ. ಆ ಭರವಸೆ ಹುಟ್ಟಿಸಲಾಗದ ಮಧ್ಯಮ ದರ್ಜೆಯ ಕಾಲೇಜುಗಳ ಮೇಲೆಯೇ ದೂರದ ಭಾರ ಬೀಳುತ್ತದೆ. ಅಲ್ಲಿನ ವಿದ್ಯಾರ್ಥಿಗಳು ಪೂಲ್ ಕ್ಯಾಂಪಸ್ ಸಂದರ್ಶನಕ್ಕೆಂದು (ಹಲವು ಕಾಲೇಜುಗಳವರಿಗೆ ಒಂದೇ ಕಡೆ ನಡೆಯುವ ಆಯ್ಕೆ) ರಾತ್ರಿಯಿಡೀ ಪ್ರಯಾಣ ಮಾಡಿ, ನಿದ್ದೆಗಣ್ಣಿನಲ್ಲೇ ಬೆಳಗಿನ ಪರೀಕ್ಷೆಗೆ ಕೂರಬೇಕಾಗುತ್ತದೆ. ಬೆಂಗಳೂರಿನ ಹುಡುಗಿ ಮನೆಯಿಂದಲೇ ಹೋಗಿ ಮಾಡುವ ಇಂಟರ್ನ್‌ಶಿಪ್ಪಿಗೆ ಇವರು ಪಿಜಿ ಬಾಡಿಗೆ ತೆರಬೇಕಾಗುತ್ತದೆ. ಇದು ನನಗೆ ಬಹಳ ನೋವು ತರುವ ಸಂಗತಿ. ಇಲ್ಲಿ ಸೋಲುವುದು ಬುದ್ಧಿಯಲ್ಲ, ಕೈಯಲ್ಲಿರುವ ಹಣ.

ಆದರೆ ತಾವು ಹೇಳಿರುವ ಬೆಂಗಳೂರಿನ ಕಾಲೇಜು ಈ ಅನುಕೂಲಗಳನ್ನು ನಿಜವಾಗಿ ಕೊಡುತ್ತದೆಯೇ ಎಂಬುದನ್ನು ನೋಡಬೇಕು. ವಿಳಾಸದಲ್ಲಿ ಬೆಂಗಳೂರು ಎಂದಿದ್ದು, ನಗರಕ್ಕೆ ಹೋಗಿಬರಲು ದಿನಕ್ಕೆ ನಾಲ್ಕು ಗಂಟೆ ಬಸ್ಸಿನಲ್ಲಿ ಕಳೆಯಬೇಕಾದ ಕಾಲೇಜು ವಿದ್ಯಾರ್ಥಿಗೆ ನಗರದ ಖರ್ಚನ್ನು ಕೊಡುತ್ತದೆಯೇ ಹೊರತು ನಗರದ ಸಂಪರ್ಕವನ್ನು ಕೊಡುವುದಿಲ್ಲ. ಪ್ಲೇಸ್‌ಮೆಂಟ್ ಶೇಕಡಾವಾರು ಎಷ್ಟೆಂದು ಮಾತ್ರ ಕೇಳಬೇಡಿ, ಆ ಲೆಕ್ಕದಲ್ಲಿ ಕೆಲವು ಕಡೆ ಹೆಸರು ನೋಂದಾಯಿಸಿದವರಷ್ಟೇ ಇರುತ್ತಾರೆ. ಕಳೆದ ವರ್ಷ ಅದೇ ವಿಭಾಗದ ಅಂತಿಮ ವರ್ಷದಲ್ಲಿ ಎಷ್ಟು ಮಂದಿ ಇದ್ದರು, ಕಾಲೇಜಿಗೇ ಬಂದ ಕಂಪನಿಗಳು ಯಾವುವು, ಇಂಟರ್ನ್‌ಶಿಪ್ ಎಲ್ಲಿ ಮಾಡಿದರು ಎಂದು ಕೇಳಿ. ಸಾಧ್ಯವಾದರೆ ಅಲ್ಲಿ ಓದಿದ ಇಬ್ಬರು ಮೂವರು ಹಿರಿಯ ವಿದ್ಯಾರ್ಥಿಗಳೊಡನೆ ತಾವೇ ಮಾತನಾಡಿ.

ಕಂಪ್ಯೂಟರ್ ಸೈನ್ಸಿನ ಮಾತನ್ನು ಎಲ್ಲ ವಿಷಯಗಳಿಗೂ ಅನ್ವಯಿಸಲಾಗದು ಎಂಬುದನ್ನು ಇತರ ಓದುಗರ ಗಮನಕ್ಕೆ ತರಬಯಸುತ್ತೇನೆ. ಲೋಹಶಾಸ್ತ್ರ ಓದಿದವರಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಮತ್ತು ಬೆಳಗಾವಿಯ ಫೌಂಡ್ರಿಗಳು (ಲೋಹದ ಎರಕದ ಕಾರ್ಖಾನೆಗಳು), ರಸಾಯನಶಾಸ್ತ್ರದ ಬಿ.ಎಸ್ಸಿ. ಪದವೀಧರರಿಗೆ ನಂಜನಗೂಡಿನ ಮತ್ತು ಬೀದರಿನ ಕೊಳಾರದ ಕೈಗಾರಿಕಾ ಪ್ರದೇಶಗಳು ರಾಜಧಾನಿಗಿಂತ ಹತ್ತಿರದ ದಾರಿಯಾಗಬಲ್ಲವು.

ಎರಡೂ ಕಾಲೇಜುಗಳ ಬೋಧನೆ ಸಮನಾಗಿದ್ದರೆ ಕಲಬುರಗಿಯನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಬೆಂಗಳೂರಿನಲ್ಲಿ ನಾಲ್ಕು ವರ್ಷ ಇರಿಸಲು ತಗಲುತ್ತಿದ್ದ ಹೆಚ್ಚಿನ ವೆಚ್ಚದಲ್ಲಿ ಒಂದು ಭಾಗವನ್ನು ಈಗಿನಿಂದಲೇ ತೆಗೆದಿರಿಸಿ, ಅಂತಿಮ ವರ್ಷದ ಇಂಟರ್ನ್‌ಶಿಪ್ಪಿಗೆ ಮಗಳನ್ನು ಬೆಂಗಳೂರಿಗೆ ಕಳುಹಿಸಿ. ಮೊದಲ ಕೆಲಸಕ್ಕೆ ಬೇಕಾದ ಪರಿಚಯ, ಸಂದರ್ಶನಗಳ ರೂಢಿ ಆ ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ದೊರೆಯುತ್ತವೆ. ಹತ್ತನೇ ತರಗತಿಯಿಂದ ಪದವಿಯವರೆಗೆ ಶೇ. 60 ಅಂಕ ಕೇಳುವ ಕಂಪನಿಗಳು ಹಲವಾರು ಇರುವುದರಿಂದ ಯಾವ ಸೆಮಿಸ್ಟರಿನಲ್ಲೂ ಪಾಸಾಗದ ವಿಷಯ, ಅಂದರೆ ಬ್ಯಾಕ್‌ಲಾಗ್ ಉಳಿಯದಂತೆ ಅವಳು ನೋಡಿಕೊಳ್ಳಲಿ.

ಬೆಂಗಳೂರಿನಲ್ಲಿ ಓದಿದರೆ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಸಿಗುವ ಮೀಸಲಾತಿ ಕೈತಪ್ಪುತ್ತದೆಯೇ ಎಂದೂ ಕೇಳಿದ್ದೀರಿ. ಆ ಅರ್ಹತೆ ಜನನ ಅಥವಾ ವಾಸಸ್ಥಳವನ್ನು ಆಧರಿಸಿದ್ದು, ಕಾಲೇಜು ಇರುವ ಊರನ್ನಲ್ಲ. ಆ ಭಯ ಬೇಡ.

— ಸಂಪಾದಕ