ಕೆಸರುಗೊಡೆಗೆ ಬಾಯಿ ಏಕಿಲ್ಲ?

ನಾಪೋಕ್ಲಿನ ಓದುಗ ಮಿತ್ರರೇ,

ಹೋದ ಸಂಚಿಕೆಯ ಊಹಾಜೀವಿ ಪುಟದಲ್ಲಿ ನಾವು ಕಟ್ಟಿದ, ಕೊಡೆಯಂತೆ ಬಿಚ್ಚಿಕೊಳ್ಳುವ ಕಲ್ಪನೆಯ ಕಡಲಪ್ರಾಣಿ ಕೆಸರುಗೊಡೆ ನಿಮಗೆ ಹಿಡಿಸಲಿಲ್ಲ. ಬಾಯಿಲ್ಲ, ಕಣ್ಣಿಲ್ಲ, ವರ್ಷದಲ್ಲಿ ಹತ್ತು ತಿಂಗಳು ಕಡಲತಳದ ಕೆಸರಲ್ಲಿ ಮಡಚಿಕೊಂಡು ಬಿದ್ದಿರುತ್ತದೆ, ಇದೂ ಒಂದು ಪ್ರಾಣಿಯೇ ಎಂದು ಕೇಳಿದ್ದೀರಿ. ಹೇಗೂ ಕಲ್ಪನೆ ತಾನೇ, ಉರಿಗಣ್ಣಿನ, ಎಮ್ಮೆ ಗಾತ್ರದ ಏಡಿಯನ್ನೇ ತರಬಹುದಿತ್ತು ಎಂಬುದು ನಿಮ್ಮ ವಾದ. ಕಡಲೇ ಇಲ್ಲದ ಕೊಡಗಿನವರಿಗೆ ಕಡಲತಳದ ಗೊಡವೆ ಯಾಕೆ ಎಂದೂ ಬರೆದಿದ್ದೀರಿ. ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ನಿಮ್ಮ ಪತ್ರದ ಕೊನೆಯ ಸಾಲು: ‘ಓಡಾಡದ ಪ್ರಾಣಿಗೆ ಆ ಕತ್ತಲಲ್ಲಿ ಜೋಡಿ ಸಿಗುವುದಾದರೂ ಹೇಗೆ?’

ಊಹಾಜೀವಿ ಕಟ್ಟುವಾಗ ನಾವು ಚರಿತ್ರೆಯ ಒಂದೇ ಒಂದು ಸಂಗತಿ ಬದಲಿಸುತ್ತೇವೆ, ಮಿಕ್ಕ ನಿಯಮಗಳೆಲ್ಲ ಭೂಮಿಯವೇ. ಕೆಸರುಗೊಡೆಯ ಲೋಕದಲ್ಲಿ ಬದಲಾದದ್ದು ಇಷ್ಟು: ಡಿಕಿನ್ಸೋನಿಯಾ ಅಳಿಯಲಿಲ್ಲ. ಸುಮಾರು 55 ಕೋಟಿ ವರ್ಷಗಳ ಹಿಂದೆ ಕಡಲತಳದಲ್ಲಿ ಚಪ್ಪಟೆಯಾಗಿ ಮಲಗಿದ್ದ ಜೀವಿ ಅದು. ಮೈತುಂಬ ಪಟ್ಟೆ, ದಪ್ಪ ಕೆಲವೇ ಮಿಲಿಮೀಟರ್, ಉದ್ದ ಮಾತ್ರ ಕೆಲವಕ್ಕೆ ಮೀಟರಿಗೂ ಮೀರಿ. ಬಾಯಿಯ ಗುರುತು ಪಳೆಯುಳಿಕೆಗಳಲ್ಲಿ ಕಾಣುವುದಿಲ್ಲ. ತಳದ ಸೂಕ್ಷ್ಮಜೀವಿಗಳ ಪದರದ ಮೇಲೆ ಮಲಗಿ, ಮೈಯ ಅಡಿಭಾಗದಿಂದಲೇ ಆಹಾರ ಹೀರುತ್ತಿತ್ತು ಎಂಬುದು ಹಲವು ವಿಜ್ಞಾನಿಗಳ ಅಭಿಪ್ರಾಯ. 2018ರಲ್ಲಿ ರಷ್ಯಾದ ಶ್ವೇತ ಸಮುದ್ರ ತೀರದ ಪಳೆಯುಳಿಕೆಗಳಲ್ಲಿ ಕೊಲೆಸ್ಟರಾಲ್ ಕುರುಹು ಸಿಕ್ಕಿದ ಮೇಲೆ ಅದು ಪ್ರಾಣಿಯೇ ಎಂಬ ಮಾತಿಗೆ ಬಲ ಬಂತು. (ನಮ್ಮ ದೇಶದಲ್ಲೂ ಅದರ ಸುದ್ದಿಯಾಗಿತ್ತು. ಮಧ್ಯಪ್ರದೇಶದ ಭೀಮ್‌ಬೆಟ್ಕಾದ ಬಂಡೆಯಲ್ಲಿ ಡಿಕಿನ್ಸೋನಿಯಾ ಇದೆ ಎಂದು 2021ರಲ್ಲಿ ವರದಿ ಬಂತು. 2023ರಲ್ಲಿ ಬೇರೆ ತಂಡ ಹೋಗಿ ನೋಡಿದರೆ ಅದು ಬಂಡೆಗೆ ಅಂಟಿ ಒಣಗಿದ ಜೇನುಗೂಡಿನ ಉಳಿಕೆ! ಜೇನಿನ ನಾಡಿನವರಾದ ನಮಗೆ ಇದು ನೆನಪಿರಬೇಕಾದ ಸಂಗತಿ.)

ಕೆಸರುಗೊಡೆ ಆ ವಂಶದ್ದು. ಅಜ್ಜಿಗೇ ಇಲ್ಲದ ಬಾಯಿ ಮೊಮ್ಮಗಳಿಗೆ ಸುಮ್ಮನೆ ಬರುವುದಿಲ್ಲ. ಬಾಯಿಲ್ಲದೆ ಬದುಕಬಹುದೇ ಎನ್ನುವಿರಾದರೆ ನಿಜದ ಕಡಲೇ ಸಾಕ್ಷಿ. 1977ರಲ್ಲಿ ಗಾಲಪಗೋಸ್ ಬಳಿ, ಸುಮಾರು 2,500 ಮೀಟರ್ ಆಳದ ಬಿಸಿನೀರಿನ ಬುಗ್ಗೆಗಳ ಸುತ್ತ ದೈತ್ಯ ಕೊಳವೆಹುಳುಗಳು ಕಂಡವು. ಬೆಳೆದ ಹುಳುವಿಗೆ ಬಾಯೂ ಇಲ್ಲ, ಕರುಳೂ ಇಲ್ಲ. ಮೈಯೊಳಗಿನ ಬ್ಯಾಕ್ಟೀರಿಯಾಗಳು ಗಂಧಕದ ಸಂಯುಕ್ತದಿಂದ ಶಕ್ತಿ ತೆಗೆದು ಅದನ್ನು ಸಾಕುತ್ತವೆ.

ಇನ್ನು ಗಾತ್ರ. ಆಳ 4,000 ಮೀಟರ್ ಅಂದುಕೊಳ್ಳಿ. ಒತ್ತಡ ಕಡಲಮಟ್ಟದ ಗಾಳಿಯ ಸುಮಾರು 400 ಪಟ್ಟು, ನೀರು ಕೊರೆಯುವಷ್ಟು ತಣ್ಣಗೆ, ಸೂರ್ಯನ ಬೆಳಕು ಸೊನ್ನೆ. ಮೇಲ್ಪದರದಲ್ಲಿ ತಯಾರಾದ ಆಹಾರದಲ್ಲಿ ಅಲ್ಲಿಗೆ ತಲುಪುವುದು ನೂರರಲ್ಲಿ ಒಂದು ಪಾಲಿನ ಆಸುಪಾಸು. ಎಮ್ಮೆ ಗಾತ್ರದ ಏಡಿ ಅಲ್ಲಿ ಓಡಾಡಿ ಹೊಟ್ಟೆ ಹೊರೆಯುವುದು ಹೇಗೆ? ಭೂಮಿಯ ಏಡಿಗಳಲ್ಲೇ ಎಲ್ಲಕ್ಕಿಂತ ಉದ್ದ ಕಾಲಿನ ಜಪಾನಿನ ಜೇಡರ ಏಡಿ ಕಾಲು ಚಾಚಿದರೆ ಮೂರೂವರೆ ಮೀಟರ್ ದಾಟುವುದೂ ಉಂಟು. ಆದರೂ ತೂಕ 20 ಕಿಲೋ ಆಸುಪಾಸು, ವಾಸ ಕೆಲವು ನೂರು ಮೀಟರ್ ಆಳದಲ್ಲಿ. ಕಣ್ಣೂ ಹಾಗೆಯೇ. ಬೆನ್ನಟ್ಟುವ, ತಪ್ಪಿಸಿಕೊಳ್ಳುವ ಪ್ರಾಣಿಗೆ ಅದು ಬೇಕು. ಕೂತಲ್ಲೇ ಕೂರುವುದಕ್ಕೆ ಕಣ್ಣು ಬರೀ ಖರ್ಚು.

ಕೊಡಗಿಗೆ ಕಡಲಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದೇ ಇಲ್ಲ. ನಮ್ಮ ಮಳೆ ಕಾವೇರಿಯಾಗಿ ಬಂಗಾಳಕೊಲ್ಲಿಗೆ ಹೋಗುತ್ತದೆ, ಬಾರಪೊಳೆಯಾಗಿ ಅರಬ್ಬಿ ಸಮುದ್ರ ಸೇರುತ್ತದೆ. ಅಷ್ಟೇ ಅಲ್ಲ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಯಲ್ಲಿ, ನಮ್ಮನ್ನು ಮನೆಯೊಳಗೆ ಕೂರಿಸುವ ಅದೇ ನೈರುತ್ಯ ಮಾರುತ ಸೊಮಾಲಿಯಾ, ಒಮಾನ್ ಬದಿಯಲ್ಲಿ ಅರಬ್ಬಿ ಸಮುದ್ರವನ್ನು ಕಲಕಿ, ಆಳದ ಪೋಷಕಾಂಶಗಳನ್ನು ಮೇಲೆ ತರುತ್ತದೆ. ಸೂಕ್ಷ್ಮಸಸ್ಯಗಳು ಉಕ್ಕಿ ಬೆಳೆಯುತ್ತವೆ, ಸತ್ತು ಉದುರುತ್ತವೆ, ವಾರಗಟ್ಟಲೆ ಇಳಿದು ತಳ ಸೇರುತ್ತವೆ. ಇಲ್ಲಿ ಗದ್ದೆ ನಾಟಿಯಾಗುವ ಹೊತ್ತಿನ ಗಾಳಿಯೇ ಅಲ್ಲಿ ಮೂರ್ನಾಲ್ಕು ಕಿಲೋಮೀಟರ್ ಕೆಳಗಿನ ಜೀವಿಗಳಿಗೆ ವರ್ಷದ ದೊಡ್ಡ ಊಟ ಬಡಿಸುತ್ತದೆ. ಕೆಸರುಗೊಡೆ ಹುಟ್ಟಿದ್ದು ಈ ಲೆಕ್ಕಾಚಾರದಿಂದ. ಉದುರು ಶುರುವಾದಾಗ ದೇಟು ಎತ್ತಿ ಕೊಡೆ ಬಿಚ್ಚುತ್ತದೆ, ಎರಡು ತಿಂಗಳು ಮೇಲ್ಮೈಯಿಂದ ಹೀರುತ್ತದೆ, ಆಮೇಲೆ ಮಡಚಿಕೊಂಡು ಉಪವಾಸ. ಇದನ್ನು ಸೋಮಾರಿತನ ಎನ್ನಲು ನನಗೆ ಮನಸ್ಸಿಲ್ಲ.

ಜೋಡಿಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ, ಅದನ್ನು ನಿಮ್ಮ ತೋಟದಲ್ಲೇ ನೋಡಿದ್ದೀರಿ. ರೊಬಸ್ಟಾ ಕಾಫಿ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟದು, ಬೇರೆ ಗಿಡದ್ದು ಬೇಕು. ಗಿಡವೋ ಕದಲುವಂತಿಲ್ಲ. ಹಾಗಾಗಿ ಮೊಗ್ಗುಗಳೆಲ್ಲ ಒಣಗಾಲದಲ್ಲಿ ತಡೆದು ನಿಂತು, ಹೂ ಅರಳಿಸುವ ಬೇಸಿಗೆಯ ಮಳೆ, ಅಂದರೆ ಹೂಮಳೆ, ಬಿದ್ದ ಎಂಟು-ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ಕೆಸರುಗೊಡೆಗೆ ಉದುರುವ ಆಹಾರವೇ ಹೂಮಳೆ. ಮೊದಲ ಊಟ ಮೈಗೆ ಹತ್ತಿದ ಕೆಲವು ದಿನಗಳಿಗೆ ಆ ಬಯಲಿನ ಕೊಡೆಗಳೆಲ್ಲ ಒಟ್ಟಿಗೆ ಅಂಡ, ವೀರ್ಯಗಳನ್ನು ನೀರಿಗೆ ಬಿಡುತ್ತವೆ. ಹುಡುಕಾಟದ ಪ್ರಶ್ನೆಯೇ ಬರುವುದಿಲ್ಲ. ತಿಮಿಂಗಿಲದ ಮೂಳೆ ತಿನ್ನುವ ಒಸೆಡಾಕ್ಸ್ ಹುಳುವಿನಲ್ಲಿ ಹೆಣ್ಣಿನ ಕೊಳವೆಯೊಳಗೇ ಕಿರುಗಾತ್ರದ ಗಂಡುಗಳು ವಾಸಿಸುತ್ತವೆ. ಆ ದಾರಿಯೂ ನಮ್ಮ ಮುಂದಿತ್ತು. ಆದರೆ ಎಲ್ಲರಿಗೂ ಒಂದೇ ಸಲ ಸುದ್ದಿ ಮುಟ್ಟುವಲ್ಲಿ ಗಂಡನ್ನು ಒಳಗಿಟ್ಟುಕೊಂಡು ಸಾಕುವ ಅಗತ್ಯ ನನಗೆ ಕಾಣಲಿಲ್ಲ.

ನಿಮ್ಮ ಏಡಿಯನ್ನು ನಾನು ತಳ್ಳಿಹಾಕುತ್ತಿಲ್ಲ. ತೊಡಕು ಒಂದೇ. ಡಿಕಿನ್ಸೋನಿಯಾದಂಥವು ಅಳಿಯಲು ಬಿಲ ತೋಡುವ, ಕಡಿದು ತಿನ್ನುವ ಪ್ರಾಣಿಗಳು ಬಂದದ್ದೂ ಒಂದು ಕಾರಣ ಎಂಬ ವಾದವಿದೆ. ಚಿಮುಟದ ಏಡಿ ಆ ಲೋಕಕ್ಕೆ ಬಂದರೆ, ಹತ್ತು ತಿಂಗಳು ಅಲುಗಾಡದ ಕೆಸರುಗೊಡೆ ಉಳಿಯುವುದು ಹೇಗೆ? ಬೇಟೆಗಾರನನ್ನು ನೀವೇ ಕಟ್ಟಿ. ಅದು ಯಾರ ವಂಶ, ಉಪವಾಸದ ತಿಂಗಳುಗಳಲ್ಲಿ ಏನು ತಿನ್ನುತ್ತದೆ, ಅದರ ಕೈಯಿಂದ ಕೆಸರುಗೊಡೆ ಹೇಗೆ ಪಾರಾಗುತ್ತದೆ, ಇಷ್ಟನ್ನು ಬರೆದು, ಚಿತ್ರದ ಪಕ್ಕ ಅಳತೆಪಟ್ಟಿ ಹಾಕಿ ಮಡಿಕೇರಿಯ ನಮ್ಮ ವಿಳಾಸಕ್ಕೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಕೆಸರುಗೊಡೆಯ ಎದುರು ಪುಟ ಅದಕ್ಕೇ.

— ಸಂಪಾದಕ