ಹಿತ್ತಿಲಿನಲ್ಲಿ ಅಪ್ಪ ಅಮ್ಮನಿಗೊಂದು ಮನೆ

ನಿಮ್ಮ ಪತ್ರದ ಜೊತೆಗಿದ್ದ ಬಿಲ್ಡರ್ ಕಂಪನಿಯ ನಕ್ಷೆಯನ್ನು ನೋಡಿದೆ. ಸಿಡ್ನಿಯ ವೆಸ್ಟ್‌ಮೀಡ್‌ನ ಬಾಡಿಗೆ ಮನೆ ಬಿಟ್ಟು ಟೂನ್‌ಗ್ಯಾಬಿ ಅಥವಾ ಸೆವೆನ್ ಹಿಲ್ಸ್ ಕಡೆ ಒಂದು ಹಳೆಯ ಮನೆ ಕೊಳ್ಳಬೇಕು, ಅದರ ಹಿತ್ತಿಲಿನಲ್ಲಿ ಗ್ರಾನಿ ಫ್ಲಾಟ್, ಅಂದರೆ ಬೇರೆಯದೇ ಆದ ಒಂದು ಚಿಕ್ಕ ಮನೆ, ಕಟ್ಟಿಸಿ ಶಿವಮೊಗ್ಗದಲ್ಲಿರುವ ಅಪ್ಪ ಅಮ್ಮನನ್ನು ಕರೆಸಿಕೊಳ್ಳಬೇಕು ಎಂದಿದ್ದೀರಿ. ಈ ನಕ್ಷೆ ಆಗಬಹುದೇ, ಕೌನ್ಸಿಲ್, ಅಂದರೆ ಇಲ್ಲಿನ ಪುರಸಭೆ, ಒಪ್ಪುತ್ತದೆಯೇ, ವಾಸ್ತುವಿಗೆ ಹೊಂದುತ್ತದೆಯೇ ಎಂದು ಕೇಳಿದ್ದೀರಿ. ಅಕ್ಕ ಎಂದು ಕರೆದಿದ್ದೀರಿ, ಆ ಸಲಿಗೆಯಿಂದಲೇ ಹೇಳುತ್ತೇನೆ: ಆ ನಕ್ಷೆಯನ್ನು ಸದ್ಯಕ್ಕೆ ಬದಿಗಿಡಿ. ಅದನ್ನು ಬರೆದವರು ನಿಮ್ಮ ನೆಲವನ್ನೂ ನೋಡಿಲ್ಲ, ನಿಮ್ಮ ಅಪ್ಪ ಅಮ್ಮನನ್ನೂ ನೋಡಿಲ್ಲ.

ಮೊದಲು ಕಾನೂನಿನ ಮಾತು ಮುಗಿಸೋಣ, ಅದು ಹೊರಗಿನಿಂದ ಕಾಣುವಷ್ಟು ಜಟಿಲವಲ್ಲ. ಸಿಡ್ನಿಯಿರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಗ್ರಾನಿ ಫ್ಲಾಟ್ ಗರಿಷ್ಠ 60 ಚದರ ಮೀಟರ್ ಇರಬಹುದು. ನಮ್ಮ ಲೆಕ್ಕದಲ್ಲಿ ಸುಮಾರು 645 ಚದರ ಅಡಿ. ಬೆಂಗಳೂರಿನ 30×40 ನಿವೇಶನದ ಅರ್ಧಕ್ಕಿಂತ ತುಸು ಹೆಚ್ಚು. ಒಂದು ನಿವೇಶನಕ್ಕೆ ಒಂದೇ. ಅದನ್ನು ಬೇರ್ಪಡಿಸಿ ಮಾರುವಂತಿಲ್ಲ. ಒಪ್ಪಿಗೆಗೆ ಎರಡು ದಾರಿಗಳಿವೆ. ನಿವೇಶನ ಕನಿಷ್ಠ 450 ಚದರ ಮೀಟರ್ ಇದ್ದು, ಮನೆ ಕಟ್ಟಿದ ಸಾಲಿನಲ್ಲಿ 12 ಮೀಟರ್ ಅಗಲವಿದ್ದು, ರಾಜ್ಯದ ನಿಯಮಗಳು ಒಂದೂ ಬಿಡದೆ ಹೊಂದಿದರೆ ಕಂಪ್ಲೈಯಿಂಗ್ ಡೆವಲಪ್‌ಮೆಂಟ್ ಎಂಬ ಹತ್ತಿರದ ದಾರಿ. ಇದರಲ್ಲಿ ಕೌನ್ಸಿಲ್ ಅಥವಾ ನೋಂದಾಯಿತ ಖಾಸಗಿ ಸರ್ಟಿಫೈಯರ್ ಕಾಗದಗಳನ್ನು ನೋಡಿ ಪ್ರಮಾಣಪತ್ರ ಕೊಡುತ್ತಾರೆ. ಅಕ್ಕಪಕ್ಕದವರಿಗೆ ನೋಟಿಸು ಹೋಗುತ್ತದೆ, ಆದರೆ ನಿಯಮಕ್ಕೆ ಹೊಂದಿದ್ದನ್ನು ಅವರ ಆಕ್ಷೇಪಣೆ ತಡೆಯಲಾರದು. ಒಂದು ನಿಯಮ ತಪ್ಪಿದರೂ ಕೌನ್ಸಿಲ್‌ಗೆ ಡೆವಲಪ್‌ಮೆಂಟ್ ಅಪ್ಲಿಕೇಶನ್ ಹಾಕಬೇಕು. ಅದು ಉದ್ದದ ದಾರಿ, ಆದರೆ ಮುಚ್ಚಿದ ದಾರಿಯಲ್ಲ.

ಹಿಂದಿನ ಬೇಲಿಯಿಂದ 3 ಮೀಟರ್, ಪಕ್ಕದ ಬೇಲಿಯಿಂದ 0.9 ಮೀಟರ್ ಬಿಡಬೇಕು. ಇದು 450ರಿಂದ 900 ಚದರ ಮೀಟರ್ ನಿವೇಶನದ ಅಳತೆ. ಗೋಡೆ ಎತ್ತರವಾದಂತೆ ಬಿಡುವ ಜಾಗವೂ ಹೆಚ್ಚುತ್ತದೆ. ದೊಡ್ಡ ಮನೆಗೂ ಗ್ರಾನಿ ಫ್ಲಾಟ್‌ಗೂ ನಡುವೆ 1.8 ಮೀಟರ್‌ಗಿಂತ ಕಡಿಮೆ ಅಂತರವಿದ್ದರೆ ಗೋಡೆಯನ್ನು ಬೆಂಕಿ ತಡೆಯುವಂತೆ ಕಟ್ಟಬೇಕಾಗುತ್ತದೆ, ಖರ್ಚು ಏರುತ್ತದೆ. ಹೆಚ್ಚುವರಿ ಕಾರು ನಿಲ್ಲಿಸುವ ಜಾಗ ತೋರಿಸಬೇಕಿಲ್ಲ. ನೀರು ಮತ್ತು ವಿದ್ಯುತ್ ಉಳಿತಾಯಕ್ಕೆ ಬೇಸಿಕ್ಸ್ ಪ್ರಮಾಣಪತ್ರ ಬೇಕು. ಇವೆಲ್ಲ ನಕ್ಷೆ ಬರೆಯುವವರ ಬೆರಳ ತುದಿಯಲ್ಲಿರುತ್ತವೆ. ನೀವು ಸ್ವತಃ ಕಣ್ಣಿಡಬೇಕಾದದ್ದು ಬೇರೆ.

ನೀವು ಮನೆಯನ್ನು ಇನ್ನೂ ಕೊಂಡಿಲ್ಲ, ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಈ ರಾಜ್ಯದಲ್ಲಿ ಮನೆ ಮಾರುವವರು ಕರಾರಿನ ಜೊತೆಯಲ್ಲೇ ಕೆಲವು ದಾಖಲೆಗಳನ್ನು ಕೊಡಲೇಬೇಕು. ಅವುಗಳಲ್ಲಿ ಮೂರನ್ನು ಮುಂಗಡ ಕೊಡುವ ಮೊದಲೇ ತೆಗೆದು ಓದಿ: 10.7 ಎಂಬ ಯೋಜನಾ ಪ್ರಮಾಣಪತ್ರ, ನಿವೇಶನದ ಗಡಿ ಅಳತೆ ತೋರಿಸುವ ಡಿಪಾಸಿಟೆಡ್ ಪ್ಲಾನ್, ಮತ್ತು ಒಳಚರಂಡಿಯ ನಕ್ಷೆ. ಮೊದಲನೆಯದು ಆ ಜಾಗ ಯಾವ ವಲಯದಲ್ಲಿದೆ, ಅಲ್ಲಿ ಕಂಪ್ಲೈಯಿಂಗ್ ಡೆವಲಪ್‌ಮೆಂಟ್ ಆಗುತ್ತದೆಯೇ, ಪ್ರವಾಹ ಅಥವಾ ಕಾಡ್ಗಿಚ್ಚಿನ ನಿರ್ಬಂಧವಿದೆಯೇ ಎಂದು ತಿಳಿಸುತ್ತದೆ. ಎರಡನೆಯದರಲ್ಲಿ ಈಸ್ಮೆಂಟ್‌ಗಳು ಕಾಣುತ್ತವೆ, ಅಂದರೆ ನಿಮ್ಮದೇ ನೆಲದ ಮೇಲೆ ಇನ್ನೊಬ್ಬರಿಗಿರುವ ಹಕ್ಕಿನ ಪಟ್ಟಿ. ಅದರ ಮೇಲೆ ಕಟ್ಟುವಂತಿಲ್ಲ.

ಮೂರನೆಯದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮ ಕಡೆಯ ಹಳೆಯ ಬಡಾವಣೆಗಳಲ್ಲಿ ನಗರದ ನೀರು ಮತ್ತು ಒಳಚರಂಡಿ ಸಂಸ್ಥೆಯಾದ ಸಿಡ್ನಿ ವಾಟರ್‌ನ ಮುಖ್ಯ ಒಳಚರಂಡಿ ಕೊಳವೆ ಅನೇಕ ಕಡೆ ಹಿತ್ತಿಲಿನ ಬೇಲಿಯ ಬದಿಯಲ್ಲೇ ಹಾದುಹೋಗುತ್ತದೆ. ಹಿಂದಿನಿಂದ 3 ಮೀಟರ್ ಬಿಟ್ಟು ಗೋಡೆ ಎಬ್ಬಿಸಬೇಕು ಎಂದುಕೊಂಡ ಜಾಗದಲ್ಲೇ ಅದು ಮಲಗಿರಬಹುದು. ಅದರ ಮೇಲೆ ಅಥವಾ ತೀರ ಹತ್ತಿರ ಕಟ್ಟಬೇಕಾದರೆ ಸಿಡ್ನಿ ವಾಟರ್‌ನ ಒಪ್ಪಿಗೆ ಬೇಕು. ಕೊಳವೆಯ ಸುತ್ತ ಕಾಂಕ್ರೀಟ್ ಹೊದಿಸಬೇಕಾಗಬಹುದು, ಇಲ್ಲವೇ ಮನೆಯ ಭಾರ ಕೊಳವೆಯ ಮೇಲೆ ಬೀಳದಂತೆ ತಳಪಾಯದ ಕಂಬಗಳನ್ನು ಅದಕ್ಕಿಂತ ಕೆಳಕ್ಕೆ ಇಳಿಸಬೇಕಾಗಬಹುದು. ಜಾಹೀರಾತಿನ ಬೆಲೆಯಲ್ಲಿ ಇದು ಸೇರಿರುವುದಿಲ್ಲ.

ಮಳೆನೀರಿನ ವಿಷಯವೂ ಹಾಗೆಯೇ. ಹಿತ್ತಿಲಿನಲ್ಲಿ ನಿಂತು ರಸ್ತೆಯ ಕಡೆ ನೋಡಿ. ನೆಲ ರಸ್ತೆಯ ಕಡೆಗೆ ಇಳಿದಿದ್ದರೆ ಮಾಡಿನ ನೀರು ತಾನಾಗಿ ರಸ್ತೆಯ ಚರಂಡಿಗೆ ಹೋಗುತ್ತದೆ. ಹಿಂದಕ್ಕೆ ಇಳಿದಿದ್ದರೆ ಆ ನೀರನ್ನು ಎಲ್ಲಿಗೆ ಬಿಡುತ್ತೀರಿ ಎಂಬ ಪ್ರಶ್ನೆಗೆ ಎಂಜಿನಿಯರ್ ಉತ್ತರ ಕೊಡಬೇಕು. ಕೆಲವೊಮ್ಮೆ ಹಿಂದಿನ ಮನೆಯವರಿಂದ ಕೊಳವೆಗೆ ದಾರಿ ಕೇಳಿ, ಹಣ ಕೊಟ್ಟು ಪಡೆಯಬೇಕಾಗುತ್ತದೆ. ಎರಡು ಮನೆಗಳು ಎಲ್ಲದರಲ್ಲೂ ಸಮನಾಗಿದ್ದರೆ ರಸ್ತೆಯ ಕಡೆ ಇಳಿಜಾರಿರುವ ಮನೆಯನ್ನೇ ಆರಿಸಿ. ಹಿತ್ತಿಲಿನಲ್ಲಿ ಹಳೆಯ ಗ್ಯಾರೇಜ್ ಇದ್ದರೆ ಅದರ ಗೋಡೆಯನ್ನೂ ಗಮನಿಸಿ. ಇಲ್ಲಿ ಫೈಬ್ರೊ ಎಂದು ಕರೆಯುವ ಆ ಹಲಗೆಯಲ್ಲಿ ಕಲ್ನಾರು ಇರುತ್ತಿತ್ತು. ಕಲ್ನಾರಿನ ಬಳಕೆ ಇಡೀ ದೇಶದಲ್ಲಿ ಪೂರ್ತಿ ನಿಷೇಧವಾದದ್ದು 2003ರ ಕೊನೆಯ ದಿನ. 10 ಚದರ ಮೀಟರ್‌ಗಿಂತ ಹೆಚ್ಚಿದ್ದರೆ ಪರವಾನಗಿ ಇರುವವರೇ ತೆಗೆಯಬೇಕು. ಕಡಿಮೆ ಇದ್ದರೂ ನೀವು ಕೈ ಹಾಕಬೇಡಿ, ಆ ಧೂಳು ಶ್ವಾಸಕೋಶದೊಳಗೆ ಹೋದರೆ ಹೊರಗೆ ಬರುವುದಿಲ್ಲ.

ಸ್ಕೋಫೀಲ್ಡ್ಸ್, ಮಾರ್ಸ್‌ಡನ್ ಪಾರ್ಕ್ ಕಡೆಯ ಹೊಸ ಮನೆಗಳ ಬಗ್ಗೆಯೂ ಕೇಳಿದ್ದೀರಿ. ಮನೆಗಳು ಚೆನ್ನಾಗಿವೆ, ಆದರೆ ಅಲ್ಲಿನ ಎಷ್ಟೋ ನಿವೇಶನಗಳು 450 ಚದರ ಮೀಟರ್‌ಗಿಂತ ಚಿಕ್ಕವು. ಗ್ರಾನಿ ಫ್ಲಾಟ್ ಮನಸ್ಸಿನಲ್ಲಿದ್ದರೆ ನಿಮ್ಮ ಹಳೆಯ ಮನೆಯ ಯೋಚನೆಯೇ ಸರಿ.

ಈಗ ವಾಸ್ತು. ನನ್ನ ಅತ್ತೆಯವರಿಗೂ ಇದು ಮುಖ್ಯವಾಗಿತ್ತು, ಆದ್ದರಿಂದ ಇದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ಒಂದು ಸಂಗತಿಯನ್ನು ಅಪ್ಪನಿಗೆ ಫೋನಿನಲ್ಲೇ ವಿವರಿಸಿ. ನಾವೀಗ ಭೂಮಧ್ಯರೇಖೆಯ ಕೆಳಗಿದ್ದೇವೆ. ಶಿವಮೊಗ್ಗದಲ್ಲಿ ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿದರೆ ಸಿಡ್ನಿಯಲ್ಲಿ ಅವನು ವರ್ಷವಿಡೀ ನಡು ಹಗಲಿನಲ್ಲಿ ಉತ್ತರದ ಕಡೆಗೇ ಇರುತ್ತಾನೆ. ಜೂನ್ ತಿಂಗಳ ಮಧ್ಯಾಹ್ನ ಅವನ ಎತ್ತರ ದಿಗಂತದಿಂದ ಸುಮಾರು 33 ಡಿಗ್ರಿ ಮಾತ್ರ. ಡಿಸೆಂಬರ್‌ನಲ್ಲಿ 80ರ ಹತ್ತಿರ, ಬಹುತೇಕ ನೆತ್ತಿಯ ಮೇಲೆ. ಹೀಗಾಗಿ ಉತ್ತರಕ್ಕೆ ದೊಡ್ಡ ಕಿಟಕಿ ಇಟ್ಟು ಅದರ ಮೇಲೆ ಅರ್ಧ ಮೀಟರ್‌ಗಿಂತ ತುಸು ಹೆಚ್ಚು ಸೂರು ಚಾಚಿದರೆ ಚಳಿಗಾಲದ ಬಿಸಿಲು ಕೋಣೆಯ ಒಳತನಕ ಬರುತ್ತದೆ, ಬೇಸಿಗೆಯ ಬಿಸಿಲು ಹೊರಗೇ ನಿಲ್ಲುತ್ತದೆ. ಈಶಾನ್ಯದಲ್ಲಿ ದೇವರ ಮನೆ ಇಡುವುದಕ್ಕೆ ಇಲ್ಲಿನ ಬೆಳಕು ಪೂರ್ತಿ ಒಪ್ಪುತ್ತದೆ. ಆಗ್ನೇಯದಲ್ಲಿ ಒಲೆಯೂ ಸರಿ. ತೊಡಕಿರುವುದು ನೈಋತ್ಯದ ಮಲಗುವ ಕೋಣೆಯಲ್ಲಿ. ನಮ್ಮಲ್ಲಿ ಮನೆಯ ಹಿರಿಯರಿಗೆ ಅದೇ ಕೋಣೆ ಎನ್ನುತ್ತಾರೆ. ಇಲ್ಲಿ ಅದೇ ಕೋಣೆ ಜುಲೈ ಬೆಳಗ್ಗೆ ಅತ್ಯಂತ ತಣ್ಣಗಿರುತ್ತದೆ, ಜನವರಿಯ ಸಂಜೆ ಪಶ್ಚಿಮದ ಬಿಸಿಲಿಗೆ ಕಾದಿರುತ್ತದೆ. ಎಪ್ಪತ್ತು ದಾಟಿದವರ ಮೂಳೆಗೆ ಅದು ಹಿಂಸೆ. ಹಿರಿಯರು ಹಗಲು ಕೂರುವ ಜಾಗ ಮತ್ತು ಅವರ ಹಾಸಿಗೆ ಎರಡೂ ಉತ್ತರದ ಬೆಳಕಿಗೆ ಹತ್ತಿರವಿರಲಿ, ಬಚ್ಚಲು ಮತ್ತು ಬಟ್ಟೆ ಒಗೆಯುವ ಜಾಗ ನೈಋತ್ಯಕ್ಕೆ ಹೋಗಲಿ. ಶಾಸ್ತ್ರ ಹುಟ್ಟಿದ್ದು ಸೂರ್ಯನನ್ನು ನೋಡಿ ಎಂಬ ನಂಬಿಕೆ ನನ್ನದು. ಇಲ್ಲಿಯ ಸೂರ್ಯನನ್ನು ನೋಡಿ ಕಟ್ಟಿದರೆ ಅದಕ್ಕೆ ಅಪಚಾರವಾಗುವುದಿಲ್ಲ.

ಇನ್ನು ಒಳಗಿನ ಅಳತೆ. ಕಂಪನಿಯ ನಕ್ಷೆಯಲ್ಲಿ ಎರಡು ಸಮನಾದ ಮಲಗುವ ಕೋಣೆಗಳಿವೆ, ಏಕೆಂದರೆ ಅದು ಬಾಡಿಗೆಯ ಲೆಕ್ಕಕ್ಕೆ ಬರೆದದ್ದು. ಅದಕ್ಕಾಗಿ ಅಡುಗೆ ಜಾಗವನ್ನು ಒಂದು ಗೋಡೆಗೆ ಒತ್ತಿದ್ದಾರೆ, ಬಚ್ಚಲಿನಲ್ಲಿ ಇಬ್ಬರು ನಿಲ್ಲಲಾಗದು. ನಾನಾದರೆ ಒಂದು ವಿಶಾಲವಾದ ಕೋಣೆ, ಇನ್ನೊಂದು ಚಿಕ್ಕ ಕೋಣೆ ಇಡುತ್ತೇನೆ. ಚಿಕ್ಕದರಲ್ಲಿ ಅಪ್ಪ ಓದಲಿ, ಮೊಮ್ಮಗು ರಾತ್ರಿ ಅಜ್ಜಿಯ ಜೊತೆಯೇ ಇರುತ್ತೇನೆ ಎಂದಾಗ ಮಲಗಲಿ. ಉಳಿದ ಜಾಗವನ್ನೆಲ್ಲ ಬಚ್ಚಲಿಗೂ ಅಡುಗೆಮನೆಗೂ ಕೊಡಿ.

ಬಚ್ಚಲಿನಲ್ಲಿ ಶವರ್‌ಗೆ ಕಟ್ಟೆ ಬೇಡ, ನೆಲವೇ ಇಳಿಜಾರಾಗಿ ನೀರು ಹರಿಯಲಿ. ಬಾಗಿಲಿನ ತೆರವು 820 ಮಿಲಿಮೀಟರ್ ಆದರೂ ಇರಲಿ, ಬಾಗಿಲು ಹೊರಕ್ಕೆ ತೆರೆಯಲಿ ಅಥವಾ ಪಕ್ಕಕ್ಕೆ ಜಾರಲಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ದೂಡಲಾಗದು. ಈಗ ಹಿಡಿಕೆ ಹಾಕದಿದ್ದರೂ ಮುಂದೆ ಹಾಕುವಂತೆ ಗೋಡೆಯ ಹಲಗೆಯ ಹಿಂದೆ ಪ್ಲೈವುಡ್ ಕೊಡಿಸಿ. ಇಲ್ಲಿನ ಬಚ್ಚಲುಗಳಲ್ಲಿ ನೀರು ಸಾಮಾನ್ಯವಾಗಿ ತಲೆಯ ಮೇಲಿನಿಂದಲೇ ಬರುತ್ತದೆ. ಬಕೆಟ್, ಚೊಂಬು ಇಟ್ಟುಕೊಂಡು ಕುಳಿತು ಸ್ನಾನ ಮಾಡಿ ರೂಢಿಯಾದವರಿಗೆ ಮೊಣಕಾಲೆತ್ತರದಲ್ಲಿ ಬಿಸಿನೀರು ತಣ್ಣೀರು ಎರಡೂ ಬರುವ ನಲ್ಲಿ ಬೇಕು. ಟೈಲ್ಸ್ ಹಾಕುವ ಮೊದಲೇ ಪ್ಲಂಬರ್‌ಗೆ ಗೋಡೆಯ ಮೇಲೆ ಗುರುತು ಮಾಡಿ ತೋರಿಸಿ. ನಮ್ಮ ಅತ್ತೆಯವರಿಗೆ ಈ ದೇಶದಲ್ಲಿ ಮೊದಲು ಹಿಡಿಸಿದ್ದೇ ಆ ನಲ್ಲಿ. ಕಮೋಡಿನ ಪಕ್ಕದ ಕೈ ಪೈಪಿಗೆ ಕೊಳಕು ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಸಾಧನ ಕಡ್ಡಾಯ. ಅಂಗಡಿಯಿಂದ ತಂದು ನೀವೇ ಸಿಕ್ಕಿಸಬೇಡಿ, ಪರವಾನಗಿ ಇರುವ ಪ್ಲಂಬರ್ ಮಾಡಲಿ.

ಅಡುಗೆಮನೆಯಲ್ಲಿ ಮುಖ್ಯವಾದದ್ದು ಒಗ್ಗರಣೆಯ ಹೊಗೆ. ಅಗ್ಗದ ಹುಡ್‌ಗಳು ಹೊಗೆಯನ್ನು ಸೋಸಿದಂತೆ ಮಾಡಿ ಮತ್ತೆ ಕೋಣೆಗೇ ಬಿಡುತ್ತವೆ. ಬ್ಯಾಡಗಿ ಮೆಣಸಿನಕಾಯಿ ಹುರಿದ ಘಾಟು 60 ಚದರ ಮೀಟರ್‌ನಲ್ಲಿ ಹಾಸಿಗೆಯವರೆಗೂ ಹೋಗುತ್ತದೆ, ಸ್ಮೋಕ್ ಅಲಾರಂ ಕೂಗಿಕೊಳ್ಳುತ್ತದೆ, ಅಮ್ಮ ಹೆದರಿ ಅಡುಗೆಯನ್ನೇ ಕಡಿಮೆ ಮಾಡುತ್ತಾರೆ. ಕೊಳವೆಯ ಮೂಲಕ ಹೊಗೆ ಹೊರಕ್ಕೆ ಹೋಗುವ ಹುಡ್ ಬೇಕು ಎಂದು ಕರಾರಿನಲ್ಲೇ ಬರೆಸಿ. ಒಲೆಯನ್ನು ಹೊರಗೋಡೆಗೆ ಇಟ್ಟರೆ ಆ ಕೊಳವೆ ಗಿಡ್ಡದಾಗುತ್ತದೆ.

ಉತ್ತರಕ್ಕೆ ಒಂದು ಜಗಲಿ ಇರಲಿ. ತೆರೆದ ಜಗಲಿ ಸಾಮಾನ್ಯವಾಗಿ 60ರ ಲೆಕ್ಕಕ್ಕೆ ಸೇರುವುದಿಲ್ಲ, ಸರ್ಟಿಫೈಯರ್ ಬಳಿ ನಿಮ್ಮ ನಕ್ಷೆಯನ್ನಿಟ್ಟು ಕೇಳಿಕೊಳ್ಳಿ. ಒಳಗಿನ ನೆಲದಿಂದ ಜಗಲಿಗೆ ಹೊಸ್ತಿಲು ಎಡವದಂತೆ ಒಂದೇ ಮಟ್ಟ ಮಾಡಿಸಿ. ನೀರು ಒಳಗೆ ಬರದಂತೆ ಬಾಗಿಲ ಬುಡದಲ್ಲಿ ಜಾಲರಿಯ ಕಾಲುವೆ ಹಾಕುತ್ತಾರೆ. ಮತ್ತೆ, ಪಕ್ಕದ ಓಣಿಯಿಂದ ರಸ್ತೆಯ ಗೇಟಿನವರೆಗೆ ದೀಪವಿರುವ, ಮೆಟ್ಟಿಲಿಲ್ಲದ ಕಾಲುದಾರಿ ಕೊಡಿ. ಅಪ್ಪ ಸಂಜೆ ವಾಕಿಂಗ್ ಹೋಗಲು ನಿಮ್ಮ ಹಾಲ್ ದಾಟಿ, ನಿಮ್ಮ ಅತಿಥಿಗಳಿಗೆ ನಮಸ್ಕಾರ ಹೇಳಿ ಹೋಗಬೇಕಾಗಬಾರದು. ಊರಿನಲ್ಲಿ ಸ್ವಂತ ಮನೆಯ ಯಜಮಾನರಾಗಿದ್ದವರು ಅವರು. ತಮ್ಮ ಬಾಗಿಲು, ತಮ್ಮ ಒಲೆ, ತಮ್ಮ ದಾರಿ ಇದ್ದರೆ ಇಲ್ಲಿಯೂ ಹಾಗೆಯೇ ಇರುತ್ತಾರೆ. ನಾನು ಈ ನಕ್ಷೆಯ ಬಗ್ಗೆ ಇಷ್ಟು ಹಟ ಮಾಡುತ್ತಿರುವುದು ಅದಕ್ಕೇ.

ಹಣದ ಬಗ್ಗೆ ಚುಟುಕಾಗಿ. ಬಿಲ್ಡರ್‌ನ ಪರವಾನಗಿಯನ್ನು ರಾಜ್ಯ ಸರ್ಕಾರದ ತಾಣದಲ್ಲಿ ಪರೀಕ್ಷಿಸಿ. ಮುಂಗಡ ಶೇಕಡಾ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಕೆಲಸ 20,000 ಡಾಲರ್ ಮೀರಿದರೆ ಹೋಮ್ ಬಿಲ್ಡಿಂಗ್ ಕಾಂಪೆನ್ಸೇಶನ್ ವಿಮೆಯ ಪ್ರಮಾಣಪತ್ರ ಕೈಗೆ ಬಂದ ಮೇಲೆಯೇ ಮುಂಗಡ ಕೊಡಿ. ಆಕ್ಯುಪೇಶನ್ ಸರ್ಟಿಫಿಕೇಟ್ ಬರುವವರೆಗೆ ಯಾರೂ ಅಲ್ಲಿ ವಾಸಿಸುವಂತಿಲ್ಲ, ಗೃಹಪ್ರವೇಶದ ಮುಹೂರ್ತವನ್ನು ಅದನ್ನು ನೋಡಿಕೊಂಡೇ ಇಡಿಸಿ.

ವೀಸಾ ವಿಷಯವನ್ನು ಮನೆಗಿಂತ ಮೊದಲೇ ವಿಚಾರಿಸಿ. ಮನೆ ಕಟ್ಟಿದ್ದಕ್ಕೂ ವೀಸಾ ಸಿಗುವುದಕ್ಕೂ ಸಂಬಂಧವಿಲ್ಲ. ಹೆತ್ತವರ ಶಾಶ್ವತ ನೆಲೆಗೆ 143 ಎಂಬ ವೀಸಾದ ಸರದಿ ಹತ್ತು ವರ್ಷಕ್ಕೂ ಹೆಚ್ಚು ಉದ್ದವಿದೆ. 2019ರಲ್ಲಿ ಶುರುವಾದ 870 ಎಂಬ ತಾತ್ಕಾಲಿಕ ವೀಸಾದಲ್ಲಿ ಒಮ್ಮೆಗೆ 3 ಅಥವಾ 5 ವರ್ಷ, ಒಟ್ಟು 10 ವರ್ಷದವರೆಗೆ ಇರಬಹುದು, ಶುಲ್ಕ ಮಾತ್ರ ಭಾರಿ. ಅವರು ಊರಿಗೆ ಹೋದಾಗ ಗ್ರಾನಿ ಫ್ಲಾಟನ್ನು ಬಾಡಿಗೆಗೆ ಕೊಡಲು ಈ ರಾಜ್ಯದಲ್ಲಿ ಅಡ್ಡಿಯಿಲ್ಲ. ಆದರೆ ಬಾಡಿಗೆ ಪಡೆದರೆ ಮುಂದೆ ಮನೆ ಮಾರುವಾಗ ಬಂಡವಾಳ ಲಾಭದ ತೆರಿಗೆಯ ವಿನಾಯಿತಿ ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ. ಅಕೌಂಟೆಂಟ್ ಬಳಿ ಮೊದಲೇ ಮಾತನಾಡಿ.

ನೀವು ಹೇಳಿದ ಎರಡು ಮನೆಗಳ ಕರಾರಿನ ಪ್ರತಿಗಳನ್ನು ಏಜೆಂಟರಿಂದ ತರಿಸಿ ನನಗೂ ಕಳುಹಿಸಿ, ಒಳಚರಂಡಿಯ ನಕ್ಷೆಯನ್ನು ಒಟ್ಟಿಗೆ ಕುಳಿತು ನೋಡೋಣ. ಶನಿವಾರ ಮನೆ ತೋರಿಸುವ ಹೊತ್ತಿಗೆ ನಾನೂ ಬರುತ್ತೇನೆ. ಉದ್ದದ ಅಳತೆ ಟೇಪ್ ನನ್ನಲ್ಲಿದೆ.