ಸಿಸಿ ಮಿತಿ ಪೂರ್ತಿ ಎತ್ತಿ ರೊಟ್ಟಿ ಯಂತ್ರ ತರಬೇಡಿ

ಅಕ್ಕಾ, ನಿಮ್ಮ ಸ್ವಸಹಾಯ ಸಂಘದ ಮೂರು ಲಕ್ಷದ ಸಿಸಿ (ಕ್ಯಾಶ್ ಕ್ರೆಡಿಟ್, ಮಿತಿಯೊಳಗೆ ಬೇಕಾದಾಗ ಎತ್ತಿ ತುಂಬುವ ಬ್ಯಾಂಕ್ ಸಾಲ) ಮಿತಿಯನ್ನು ಪೂರ್ತಿ ಎತ್ತಿ ರೊಟ್ಟಿ ಯಂತ್ರಕ್ಕೆ ಕೊಡುತ್ತೇವೆ, ಪಿಎಂಎಫ್‌ಎಂಇ (ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಕೇಂದ್ರದ ನೆರವಿನ ಯೋಜನೆ) ಸಬ್ಸಿಡಿ ಬಂದ ಕೂಡಲೇ ತುಂಬುತ್ತೇವೆ ಎಂದು ಬರೆದಿದ್ದೀರಿ. ಮುಂಗಡ ಕೊಟ್ಟಿಲ್ಲವಾದರೆ ಇವತ್ತೇ ತಡೆಯಿರಿ. ನಮ್ಮ ಸಂಘವೂ ಇದೇ ದಾರಿ ಹಿಡಿದಿತ್ತು. ಯಂತ್ರ ಬಂತು, ಪೂಜೆಯಾಯಿತು, ಜೋಳ ಕೊಳ್ಳಲು ದುಡ್ಡಿರಲಿಲ್ಲ. ಸುಗ್ಗಿಯಲ್ಲಿ ರೈತರ ಕಣದಿಂದಲೇ ತರಬೇಕಿದ್ದ ಬಿಳಿಜೋಳವನ್ನು ಶ್ರಾವಣದಲ್ಲಿ ಅಂಗಡಿಯಿಂದ ಉದ್ರಿ ತಂದೆವು. ಆರ್ಡರು ಬಂದಷ್ಟೂ ನಷ್ಟ.

ಸಬ್ಸಿಡಿ ಕೈಗೆ ಬರುವ ಹಣವಲ್ಲ. ಬ್ಯಾಂಕಿನಲ್ಲಿ ನಿಮ್ಮ ಸಾಲದ ಖಾತೆಯ ಪಕ್ಕದಲ್ಲೇ ಇನ್ನೊಂದು ಖಾತೆಯಲ್ಲಿ ಕೂತಿರುತ್ತದೆ. ಸಾಲದ ಕೊನೆಯ ಕಂತು ಬಿಡುಗಡೆಯಾಗಿ ಮೂರು ವರ್ಷವಾದ ಮೇಲೂ ಘಟಕ ನಡೆಯುತ್ತಿದ್ದು, ಸಾಲ ಸುಸ್ತಿಯಾಗಿರದಿದ್ದರೆ ಮಾತ್ರ ಸಾಲಕ್ಕೆ ಜಮಾ. ಅದೂ ಈ ಯೋಜನೆಯಡಿ ಮಂಜೂರಾದ ಸಾಲಕ್ಕೆ. ಸಿಸಿ ಹಣದಲ್ಲಿ ಯಂತ್ರ ತಂದಿಟ್ಟು, ಆಮೇಲೆ ಬಿಲ್ಲು ಹಿಡಿದು ಬ್ಯಾಂಕಿಗೆ ಹೋದರೆ ಯಾರೂ ಮಾತನಾಡಿಸುವುದಿಲ್ಲ. ಯೋಜನಾ ವೆಚ್ಚಕ್ಕೆ ಕೇಂದ್ರ ಕೊಡುವ ಶೇ 35ರ ಮೇಲೆ ನಮ್ಮ ಕರ್ನಾಟಕ ಶೇ 15 ಸೇರಿಸಿ ಕೊಡುತ್ತದೆ, ಒಟ್ಟು 15 ಲಕ್ಷದ ಮಿತಿಯಲ್ಲಿ. ಅರ್ಧ ದುಡ್ಡನ್ನು ಅವಸರಕ್ಕೆ ಬಲಿ ಕೊಡುತ್ತೀರಾ? ವೆಚ್ಚದಲ್ಲಿ ನಿಮ್ಮ ಪಾಲು ಶೇ 10, ಅದನ್ನು ಮೊದಲೇ ಕೂಡಿಟ್ಟಿರಿ. ಅರ್ಜಿ ಹಾಕಿಸಲು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಇದ್ದಾರೆ, ಅವರ ಸಂಭಾವನೆ ಸರ್ಕಾರದ್ದು. ಯೋಜನಾ ವರದಿಗೆ ಸಾವಿರಾರು ಕೇಳುವ ಮಧ್ಯವರ್ತಿಗೆ ದೂರದಿಂದಲೇ ಕೈಮುಗಿಯಿರಿ. ಯೋಜನೆ ಈಗಲೂ ಚಾಲ್ತಿಯಲ್ಲಿದೆಯೇ, ಈ ವರ್ಷದ ಅನುದಾನ ಉಳಿದಿದೆಯೇ ಎಂದು ಕೃಷಿ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ.

ಸಿಸಿ ಇರುವುದು ಹಾಕಿ ತೆಗೆಯುವುದಕ್ಕೆ. ಪೂರ್ತಿ ಎತ್ತಿದ ಖಾತೆಯಲ್ಲಿ ತಿಂಗಳ ಬಡ್ಡಿ ಬಿದ್ದೊಡನೆ ಬಾಕಿ ಮಿತಿ ಮೀರುತ್ತದೆ. ಒಂದೇ ಸಮನೆ 30 ದಿನಕ್ಕಿಂತ ಹೆಚ್ಚು ಹಾಗೆಯೇ ಉಳಿದರೆ ಎನ್‌ಆರ್‌ಎಲ್‌ಎಂ (ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಮಿಷನ್) ಅಡಿ ಮಹಿಳಾ ಸಂಘಗಳಿಗೆ ಸಿಗುವ ಶೇ 7ರ ಬಡ್ಡಿ ಸೌಲಭ್ಯಕ್ಕೆ ಕುತ್ತು. ತಿಂಗಳಿಗೊಮ್ಮೆಯಾದರೂ ಬಡ್ಡಿ ತೀರುವಷ್ಟು ಜಮಾ ಬೀಳಲೇಬೇಕು.

ಈಗ ನಾವು ಸಿಸಿಯ ಕಾಲು ಭಾಗವನ್ನು ಮುಟ್ಟುವುದೇ ಇಲ್ಲ. ಫೆಬ್ರುವರಿ–ಮಾರ್ಚ್‌ನಲ್ಲಿ ಮಾಲದಂಡಿ ತಳಿಯ ಜೋಳಕ್ಕೆಂದು ದೊಡ್ಡ ಮೊತ್ತ ಎತ್ತುತ್ತೇವೆ. ಮಾರಿದ ಹಣ ಎಷ್ಟೇ ಸಣ್ಣದಿರಲಿ, ಪ್ರತಿ ಸೋಮವಾರ ಖಾತೆಗೆ. ಖಾನಾವಳಿಗಳ ಉದ್ರಿಗೆ ಬೇರೆಯೇ ಪುಸ್ತಕವಿದೆ: ಎಡ ಪುಟದಲ್ಲಿ ರೊಟ್ಟಿಯ ಎಣಿಕೆ ಮತ್ತು ಒಯ್ದವರ ಸಹಿ, ಬಲ ಪುಟದಲ್ಲಿ ಬಂದ ಹಣ. ಎರಡು ವಾರ ಬಲ ಪುಟ ಖಾಲಿ ಬಿಟ್ಟವರಿಗೆ ಮೂರನೇ ವಾರ ರೊಟ್ಟಿ ಇಲ್ಲ, ಅಧ್ಯಕ್ಷೆಯ ತಮ್ಮನೇ ಆಗಿರಲಿ. ನಮ್ಮಲ್ಲಿ ಅವರೇ ಆಗಿದ್ದರು. ಮುಖ ಸಿಂಡರಿಸಿಕೊಂಡೇ ಬಾಕಿ ಹಣ ಎಣಿಸಿ ಕೊಟ್ಟರು. ಈ ಪುಸ್ತಕವನ್ನು ವಾರದ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ಇಲ್ಲದಿದ್ದರೆ ಬರೆದೂ ಪ್ರಯೋಜನವಿಲ್ಲ. ಇದೆಲ್ಲ ಖಡಕ್ ರೊಟ್ಟಿಯವರಿಗೆ ಹೊಂದುತ್ತದೆ. ಶೇಂಗಾ ಚಟ್ನಿಯವರು ವರ್ಷದ ಮಾಲು ಒಮ್ಮೆಲೇ ತುಂಬಬೇಡಿ, ಶೇಂಗಾ ಕಮಟು ಹಿಡಿಯುತ್ತದೆ. ಜೋಳವನ್ನೂ ಚೆನ್ನಾಗಿ ಒಣಗಿಸದೆ ಚೀಲ ಕಟ್ಟಿದರೆ ಹುಳು ತಪ್ಪಿದ್ದಲ್ಲ.

ಯಂತ್ರದ ಬಗ್ಗೆ ಒಂದು ಮಾತು. ನಿಮ್ಮ ಶೆಡ್ಡಿಗೆ ಮೂರು ಫೇಸ್ ವಿದ್ಯುತ್ ಇದೆಯೇ? ಇಲ್ಲದಿದ್ದರೆ ಸಿಂಗಲ್ ಫೇಸಿನದೇ ಕೇಳಿ. ಮೋಟಾರು ಕಿರ್ಲೋಸ್ಕರ್ ಅಥವಾ ಕ್ರಾಂಪ್ಟನ್ ಆಗಿದ್ದರೆ ಊರಿನ ವೈಂಡಿಂಗ್ ಅಂಗಡಿಯಲ್ಲೇ ರಿಪೇರಿಯಾಗುತ್ತದೆ. ಹೆಸರಿಲ್ಲದ ಮೋಟಾರಿಗೆ ಸುಣ್ಣ ಬಳಿದಂತೆ ಬಣ್ಣ ಬಳಿದು ಮಾರುತ್ತಾರೆ, ಹುಷಾರು.

ನಿಮ್ಮ ಬರಹದ ಕೆಳಗೆ ಒಬ್ಬರು, ಕಡಿಮೆ ಬಿದ್ದ ದುಡ್ಡಿಗೆ ವಾರದ ಕಂತಿನ ಮೈಕ್ರೋಫೈನಾನ್ಸ್ ಸಾಲ ತೆಗೆಯಿರಿ ಎಂದು ಸಲಹೆ ಕೊಟ್ಟಿದ್ದಾರೆ. ಇಂಥ ಸಲಹೆ ಕೊಡುವವರು ಕಂತು ಕಟ್ಟಲು ಬರುತ್ತಾರೆಯೇ? ಪಿಎಂಎಫ್‌ಎಂಇ ಯೋಜನೆಯಲ್ಲೇ ಸಂಘದ ಸದಸ್ಯೆಯೊಬ್ಬರಿಗೆ 40,000 ರೂಪಾಯಿವರೆಗೆ ಬೀಜಧನವಿದೆ, ದುಡಿಯುವ ಬಂಡವಾಳಕ್ಕೂ ಸಣ್ಣ ಸಲಕರಣೆಗೂ. ನಿಮ್ಮ ಸಂಘಗಳ ಒಕ್ಕೂಟದಲ್ಲಿ ಅದನ್ನು ಕೇಳಿ. ಈಗಾಗಲೇ ಮೈಕ್ರೋಫೈನಾನ್ಸ್ ಸಾಲದಲ್ಲಿರುವ ಸದಸ್ಯೆಯರಿಗೆ ತಿಳಿಸಿ: 2022ರ ಆರ್‌ಬಿಐ ನಿಯಮದಂತೆ ಅವಧಿಗೆ ಮುನ್ನ ತೀರಿಸಿದರೆ ದಂಡವಿಲ್ಲ, ಮನೆಯ ಸಾಲದ ಕಂತುಗಳೆಲ್ಲ ಸೇರಿ ತಿಂಗಳ ಆದಾಯದ ಅರ್ಧ ಮೀರುವಂತೆ ಸಾಲ ಕೊಡುವಂತಿಲ್ಲ.

ಉದ್ಯಮ್ ನೋಂದಣಿ ಉಚಿತ, ಅದಕ್ಕೂ ಯಾರಿಗೂ ದುಡ್ಡು ಕೊಡಬೇಡಿ. ಯಂತ್ರದ ಕೊಟೇಷನ್ ಬಂದಿದ್ದರೆ ಇಲ್ಲಿ ಹಾಕಿ, ಜಿಎಸ್‌ಟಿ, ಸಾಗಣೆ ಸೇರಿದೆಯೋ ಇಲ್ಲವೋ ನೋಡಿ ಹೇಳುತ್ತೇನೆ.